ಅಕ್ಕಡಿ ಸಾಲಿನ ಲೈಸಿನ್

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲು ಗುಬ್ಬಿ, ನಿಟ್ಟೂರುಗಳನ್ನು ದಾಟಿದ ಮೇಲೆ ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ, ಕರಡಿ ಎಂಬ ಸಣ್ಣ ಸಣ್ಣ ನಿಲ್ದಾಣಗಳನ್ನು ಹಾದು ತಿಪಟೂರು ಸೇರುತ್ತದೆ. ಕಿಟಕಿಯಲ್ಲಿ ಕಾಣುವುದು ತೆಂಗು, ಮತ್ತೆ ತೆಂಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ತಾಲ್ಲೂಕುಗಳನ್ನು ಹೊರಗಿನವರು ಗುರುತಿಸುವುದು ಉಂಡೆ ಕೊಬ್ಬರಿಯಿಂದ. ತುಮಕೂರು ಜಿಲ್ಲೆಗೆ ಕಲ್ಪತರು ನಾಡು ಎಂಬ ಹೆಸರು ಬಂದದ್ದೂ ಈ ಮರದಿಂದಲೇ. ಆದರೆ ಕೊಬ್ಬರಿ ಈ ಸೀಮೆಯ ಗಂಟು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿ, ಮಗಳ ಮದುವೆಗೋ ಸಾಲದ ಕಂತಿಗೋ ಇಳಿಯುವ ಹಣ. ಹೊಟ್ಟೆಯ ಮಾತು ಬಂದರೆ ಇದು ರಾಗಿಯ ಸೀಮೆ. ತೋಟದ ಬದು ದಾಟಿದರೆ ಕೆಂಪು ಮಣ್ಣಿನ ಹೊಲ, ಮಳೆ ನಂಬಿದ ಬೇಸಾಯ, ಮೂರು ಹೊತ್ತಿನ ಮುದ್ದೆ.

ಆ ರಾಗಿ ಹೊಲದಲ್ಲಿ ರಾಗಿ ಒಂದೇ ಇರುತ್ತಿರಲಿಲ್ಲ. ಕೂರಿಗೆ ರಾಗಿ ಬಿತ್ತುತ್ತ ಹೋದರೆ ಕೆಲವು ಸಾಲು ಬಿಟ್ಟು ಒಂದು ಸಾಲಿಗೆ ಸಡ್ಡೆಯಿಂದ ಬೇರೆ ಬೀಜ ಬೀಳುತ್ತಿತ್ತು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಬದುವಿನ ಮೇಲೆ ಹರಳು. ಇದೇ ಅಕ್ಕಡಿ ಸಾಲು. ರಾಗಿ ಕೊಯ್ಲಾದ ಮೇಲೂ ಅವರೆ, ತೊಗರಿ ಹೊಲದಲ್ಲಿ ನಿಂತಿರುತ್ತಿದ್ದವು. ಚಳಿಗಾಲದ ಇಬ್ಬನಿಯಲ್ಲಿ ಸೊಗಡವರೆ ಬಲಿಯುತ್ತಿತ್ತು. ಕೃಷಿ ಪುಸ್ತಕಗಳು ಇದನ್ನು ಮಿಶ್ರ ಬೆಳೆ ಎಂದು ಕರೆದು ಮಣ್ಣಿಗೆ ಸಾರಜನಕ ಸಿಗುತ್ತದೆ, ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ ಎಂದು ವಿವರಿಸುತ್ತವೆ. ಅದೆಲ್ಲ ನಿಜ. ಆದರೆ ಅಕ್ಕಡಿ ಸಾಲಿನ ಇನ್ನೊಂದು ಕೆಲಸ ಊಟದ ತಟ್ಟೆಯಲ್ಲಿ ನಡೆಯುತ್ತಿತ್ತು. ಅದನ್ನು ಅಳೆದು ತೋರಿಸಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಆ ಅಳತೆಯ ಕೊನೆಯ ಹಾಗೂ ಮುಖ್ಯವಾದ ಘಟ್ಟ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಇದು ಆ ಅಳತೆಯ ಚರಿತ್ರೆ. ಲೈಸಿನ್ ಎಂಬ ಒಂದು ಅಮೈನೊ ಆಮ್ಲದ ಚರಿತ್ರೆ.

ಕನ್ನಡದಲ್ಲಿ ಧಾನ್ಯಗಳ ಜಗಳ ಎಂದರೆ ಮೊದಲು ನೆನಪಾಗುವುದು ಕನಕದಾಸರ ರಾಮಧಾನ್ಯ ಚರಿತ್ರೆ. ಅಲ್ಲಿ ನರೆದಲೆಗನೆಂಬ ರಾಗಿಗೂ ವ್ರೀಹಿಯೆಂಬ ಭತ್ತಕ್ಕೂ ವಾದ ಹತ್ತುತ್ತದೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಕೆಡದೆ ಉಳಿದದ್ದು ರಾಗಿ. ಬಡವನ ಧಾನ್ಯ ಗೆಲ್ಲುವ ಆ ಕಥೆ ನಮಗೆಲ್ಲ ಪ್ರಿಯ. ರಾಗಿಯ ಬಾಳಿಕೆಯ ಮಾತಂತೂ ಅಕ್ಷರಶಃ ಸತ್ಯ. ನೆಲದೊಳಗಿನ ಹಗೇವುಗಳಲ್ಲಿ ರಾಗಿ ವರ್ಷಾನುಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿತ್ತು. ಆದರೆ ಕಾಳುಗಳಿಗೆ ಆ ಭಾಗ್ಯವಿಲ್ಲ. ತೊಗರಿಗೆ ಕೆಮ್ಮಣ್ಣು ಕಟ್ಟಬೇಕು, ಹುರುಳಿಗೆ ಬೂದಿ ಬೆರೆಸಬೇಕು, ಆದರೂ ಹುಳು ಬೀಳುತ್ತದೆ. ಬರ ಬಂದಾಗ ಮನೆಯಲ್ಲಿ ಮೊದಲು ಖಾಲಿಯಾಗುವುದು ಕಾಳಿನ ಮಡಕೆ, ಕೊನೆಗೆ ತೆರೆಯುವುದು ರಾಗಿಯ ಹಗೇವು.

ಅಂಥ ದೊಡ್ಡ ಬರ ಬಂದದ್ದು 1876ರಿಂದ 1878ರವರೆಗೆ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರವಾದ್ದರಿಂದ ಹಳಬರ ಬಾಯಲ್ಲಿ ಅದು ಧಾತು ಈಶ್ವರ ಬರ. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಹೆಚ್ಚು ನಲುಗಿದ್ದು ತುಮಕೂರು, ಕೋಲಾರ, ಚಿತ್ರದುರ್ಗ, ಬೆಂಗಳೂರು ಭಾಗದ ಒಣ ಸೀಮೆಗಳು. ಸರ್ಕಾರದ ಮುಂದೆ ಒಂದು ಕ್ರೂರ ಲೆಕ್ಕವಿತ್ತು: ಕಲ್ಲು ಒಡೆಯುವ, ಮಣ್ಣು ಹೊರುವ ಪರಿಹಾರ ಕಾಮಗಾರಿಗೆ ಬಂದ ಹಸಿದ ಮನುಷ್ಯನಿಗೆ ದಿನಕ್ಕೆ ಎಷ್ಟು ಕೊಟ್ಟರೆ ಸಾಕು?

ವೈಸರಾಯ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಕೊಟ್ಟ ಉತ್ತರ: ಗಂಡಾಳಿಗೆ ಒಂದು ಪೌಂಡು ಧಾನ್ಯ, ಜೊತೆಗೆ ಅಲ್ಪ ಕಾಸು. ಒಂದು ಪೌಂಡೆಂದರೆ 450 ಗ್ರಾಮಿನಷ್ಟು. ಮದ್ರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ದುಡಿಯುವ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ ಬೇಕು, ಅದರ ಮೇಲೆ ತರಕಾರಿಯೂ ಪ್ರೋಟೀನೂ ಬೇಕು ಎನ್ನುವುದು ಅವರ ವಾದ. ಶಿಬಿರಗಳ ಸಾವಿನ ಪಟ್ಟಿ ಅವರ ಪರವಾಗಿ ಸಾಕ್ಷಿ ಹೇಳಿತು. ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಕೂಲಿಯನ್ನು ಹೆಚ್ಚಿಸಬೇಕಾಯಿತು. ಆದರೆ ಧಾನ್ಯದ ಪ್ರೋಟೀನಿಗೂ ಕಾಳಿನ ಪ್ರೋಟೀನಿಗೂ ವ್ಯತ್ಯಾಸವೇನು ಎಂದು ಆಗ ಯಾರಾದರೂ ಕೇಳಿದ್ದರೆ, ಕಾರ್ನಿಶ್ ಅವರಿಗಾಗಲಿ ಯುರೋಪಿನ ಯಾವ ರಸಾಯನಶಾಸ್ತ್ರಜ್ಞನಿಗಾಗಲಿ ಉತ್ತರ ಗೊತ್ತಿರಲಿಲ್ಲ. ಆ ಕಾಲಕ್ಕೆ ಪ್ರೋಟೀನೆಂದರೆ ಸಾರಜನಕ. ಸಾರಜನಕವನ್ನು ತೂಗಿದರೆ ಲೆಕ್ಕ ಮುಗಿಯಿತು.

ಉತ್ತರದ ಮೊದಲ ತುಣುಕು ಸಿಕ್ಕಿದ್ದು ಬರ ಮುಗಿದು ಹನ್ನೊಂದು ವರ್ಷದ ಮೇಲೆ. 1889ರಲ್ಲಿ ಎಡ್ಮಂಡ್ ಡ್ರೆಕ್ಸೆಲ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಹಾಲಿನ ಕೇಸಿನ್ ಪ್ರೋಟೀನನ್ನು ಒಡೆದು ಅದರೊಳಗಿಂದ ಹೊಸದೊಂದು ವಸ್ತುವನ್ನು ಬೇರ್ಪಡಿಸಿದ. ಅದಕ್ಕೆ ಬಂದ ಹೆಸರು ಲೈಸಿನ್. ಮುಂದಿನ ದಶಕಗಳಲ್ಲಿ ಇಂಥ ತುಣುಕುಗಳು ಒಂದೊಂದಾಗಿ ಸಿಕ್ಕುತ್ತ ಹೋದವು. ನಮ್ಮ ದೇಹದ ಪ್ರೋಟೀನುಗಳೆಲ್ಲ ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಿಂದ ಕಟ್ಟಿದವು. ಅವುಗಳಲ್ಲಿ ಹನ್ನೊಂದನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಉಳಿದ ಒಂಬತ್ತನ್ನು ಊಟದಿಂದಲೇ ಪಡೆಯಬೇಕು. ಈ ಒಂಬತ್ತಕ್ಕೆ ಅವಶ್ಯಕ ಅಮೈನೊ ಆಮ್ಲಗಳೆಂದು ಹೆಸರು. ಲೈಸಿನ್ ಅವುಗಳಲ್ಲೊಂದು. ಸ್ನಾಯುವಿಗೆ, ರಕ್ತದ ಪ್ರೋಟೀನುಗಳಿಗೆ ಅದು ಬೇಕು. ಮೂಳೆ, ಚರ್ಮ, ಕೀಲುಗಳನ್ನು ಹಿಡಿದಿಡುವ ಕೊಲ್ಲಾಜನ್ ಎಳೆಗಳು ಒಂದಕ್ಕೊಂದು ಬಿಗಿದುಕೊಳ್ಳುವುದು ಲೈಸಿನ್ ಇರುವ ಕಡೆಯಲ್ಲಿ. ಕೊಬ್ಬನ್ನು ಉರಿಸಿ ಶಕ್ತಿಯಾಗಿಸಲು ನೆರವಾಗುವ ಕಾರ್ನಿಟೀನ್ ತಯಾರಾಗುವುದೂ ಲೈಸಿನ್‌ನಿಂದಲೇ.

ಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕುತ್ತಿದ್ದ ಕಾಲದ ಮುದ್ರಣಾಲಯವನ್ನು ನೆನೆಸಿಕೊಂಡರೆ ವಿಷಯ ಸುಲಭವಾಗುತ್ತದೆ. ಗೂಡುಗಳ ತುಂಬ ಅಕ್ಷರದ ಮೊಳೆಗಳಿವೆ. ಆದರೆ 'ನ' ಅಕ್ಷರದ ಮೊಳೆ ಹತ್ತೇ ಇದ್ದರೆ, ಉಳಿದ ಅಕ್ಷರ ಸಾವಿರವಿದ್ದರೂ ಪುಟ ಮುಂದೆ ಹೋಗುವುದಿಲ್ಲ. ಹತ್ತು 'ನ' ಮುಗಿದ ಕಡೆ ಕೆಲಸ ನಿಂತಿತು. ಮುದ್ರಣಾಲಯದಲ್ಲಾದರೆ ಉಳಿದ ಮೊಳೆಗಳನ್ನು ನಾಳೆಗೆ ಇಟ್ಟುಕೊಳ್ಳಬಹುದು. ದೇಹಕ್ಕೆ ಆ ಅನುಕೂಲವಿಲ್ಲ. ಬಳಸಲಾಗದೆ ಉಳಿದ ಅಮೈನೊ ಆಮ್ಲಗಳನ್ನು ಅದು ಕರಗಿಸಿ ಉರುವಲಾಗಿ ಸುಟ್ಟುಬಿಡುತ್ತದೆ. ಏಕದಳ ಧಾನ್ಯಗಳ ಮಟ್ಟಿಗೆ ಮೊದಲು ಮುಗಿಯುವ ಆ ಮೊಳೆಯೇ ಲೈಸಿನ್.

ಇದು ಊಹೆಯಲ್ಲ ಎಂದು ತೋರಿಸಿದವರು ಅಮೆರಿಕದ ಕನೆಕ್ಟಿಕಟ್‌ನ ಥಾಮಸ್ ಆಸ್ಬರ್ನ್ ಮತ್ತು ಲಫಾಯೆಟ್ ಮೆಂಡೆಲ್. ಗೋಧಿಯ ಗ್ಲಯಡಿನ್ ಎಂಬ ಪ್ರೋಟೀನನ್ನಷ್ಟೇ ತಿಂದ ಇಲಿಮರಿಗಳು ಸಾಯಲಿಲ್ಲ, ಬೆಳೆಯಲೂ ಇಲ್ಲ; ಇದ್ದಷ್ಟೇ ಇದ್ದವು. ಅದೇ ಆಹಾರಕ್ಕೆ ಚಿಟಿಕೆಯಷ್ಟು ಲೈಸಿನ್ ಬೆರೆಸಿದ ಕೂಡಲೇ ನಿಂತಿದ್ದ ಬೆಳವಣಿಗೆ ಮತ್ತೆ ಶುರುವಾಯಿತು. ಇದು 1914ರ ಸುದ್ದಿ. ಹೊಟ್ಟೆ ತುಂಬಿದ್ದರೂ ಬೆಳವಣಿಗೆ ನಿಲ್ಲಬಹುದು ಎಂಬ ಸತ್ಯ ಹೀಗೆ ಪ್ರಯೋಗಶಾಲೆಯಲ್ಲಿ ಸ್ಥಿರವಾಯಿತು. ಆ ಹೊತ್ತಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ರಾಗಿ ತಳಿಗಳ ಸುಧಾರಣೆಗೆ ಕೈಹಾಕಿದ್ದರು. ಎರಡೂ ಕೆಲಸ ಒಂದೇ ಕಾಲದವು; ಆದರೆ ರಾಗಿಯ ಕಣಜ ತುಂಬಿಸುವ ಯೋಚನೆಗೂ ರಾಗಿಯೊಳಗಿನ ಅಮೈನೊ ಆಮ್ಲಗಳ ಯೋಚನೆಗೂ ಇನ್ನೂ ಭೇಟಿಯಾಗಿರಲಿಲ್ಲ.

ಆ ಭೇಟಿ ಆದದ್ದು ಮೈಸೂರಿನಲ್ಲಿ. 1950ರ ಅಕ್ಟೋಬರಿನಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ನಾವು ಸಿಎಫ್‌ಟಿಆರ್‌ಐ ಎಂದು ಕರೆಯುವುದು ಇದನ್ನೇ. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್, ಪೋಷಣಾ ವಿಜ್ಞಾನದ ಕೆಲಸವನ್ನು ಮುನ್ನಡೆಸಿದವರಲ್ಲಿ ಪ್ರಮುಖರು ಎಂ. ಸ್ವಾಮಿನಾಥನ್. ದೇಶ ಅಕ್ಕಿ, ಗೋಧಿಯ ಕೊರತೆಯಲ್ಲಿದ್ದ ದಿನಗಳವು. ಅಕ್ಕಿ ತಿನ್ನುವವರು ರಾಗಿಗೆ ಬದಲಾದರೆ ಏನಾಗುತ್ತದೆ, ರಾಗಿಯನ್ನೇ ನಂಬಿದ ಬಡ ಊಟಕ್ಕೆ ಏನು ಸೇರಿಸಿದರೆ ಅದು ಸರಿಹೋಗುತ್ತದೆ ಎಂದು ಈ ವಿಜ್ಞಾನಿಗಳು 1950ರ ದಶಕದ ಉದ್ದಕ್ಕೂ ಪರೀಕ್ಷಿಸಿದರು. ಒಳಗೆ ಹೋದ ಸಾರಜನಕ, ಸುಣ್ಣ, ರಂಜಕ ಎಷ್ಟು, ಹೊರಗೆ ಬಂದದ್ದು ಎಷ್ಟು ಎಂಬ ಬೇಸರದ, ಆದರೆ ತಪ್ಪಿಸಲಾಗದ ಲೆಕ್ಕ. ರಾಗಿಯ ಸುಣ್ಣದ ಹಿರಿಮೆ ಈ ಲೆಕ್ಕದಲ್ಲಿ ಉಳಿಯಿತು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಸುಮಾರಿಗೆ ಕ್ಯಾಲ್ಸಿಯಂ ಇದೆ, ಬೇರಾವ ಧಾನ್ಯವೂ ಇದರ ಹತ್ತಿರ ಸುಳಿಯುವುದಿಲ್ಲ. ಪ್ರೋಟೀನಿನ ವಿಷಯದಲ್ಲಿ ಮಾತ್ರ ರಾಗಿಗೆ ಜೊತೆಗಾರರು ಬೇಕಾಗಿತ್ತು. ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಸೇರಿಸಿದ 'ಬಹೂಪಯೋಗಿ ಆಹಾರ' ಎಂಬ ಪುಡಿ ಮೈಸೂರಿನಲ್ಲೇ ರೂಪುಗೊಂಡಿತು.

1969ರಲ್ಲಿ ಇದೇ ಸಂಸ್ಥೆಯ ಟಿ. ಆರ್. ದೊರೈಸ್ವಾಮಿ ಮತ್ತು ಸಹೋದ್ಯೋಗಿಗಳು ಬ್ರಿಟನ್ನಿನ ಪೋಷಣಾ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಕಥೆಗೆ ನೇರ ಸಂಬಂಧಪಟ್ಟದ್ದು. ರಾಗಿ ಊಟ ಮಾಡುವ ಮಕ್ಕಳಲ್ಲಿ ಕೆಲವರ ಊಟಕ್ಕೆ ಲೈಸಿನ್ ಬೆರೆಸಿದರು. ಇನ್ನು ಕೆಲವರಿಗೆ ಹಸಿರೆಲೆಯಿಂದ ತೆಗೆದ ಪ್ರೋಟೀನು ಕೊಟ್ಟರು. ಬರೀ ರಾಗಿಯ ಊಟ ಮಾಡಿದವರಿಗಿಂತ ಎರಡೂ ಗುಂಪಿನ ಮಕ್ಕಳು ಚೆನ್ನಾಗಿ ಬೆಳೆದರು. ಕನೆಕ್ಟಿಕಟ್‌ನ ಇಲಿಗಳಿಗೆ ಆದದ್ದೇ ಮೈಸೂರಿನ ಮಕ್ಕಳಿಗೂ ಆಯಿತು. ಇದರಲ್ಲಿ ಎರಡು ಪಾಠಗಳಿದ್ದವು. ರಾಗಿಗೆ ಕೊರತೆಯಿರುವುದು ಲೈಸಿನ್‌ನದು ಎಂಬುದು ಒಂದು. ಆ ಕೊರತೆಯನ್ನು ಕಾರ್ಖಾನೆಯ ಪುಡಿಯೇ ತುಂಬಬೇಕಿಲ್ಲ, ಸೊಪ್ಪಿನ ಪ್ರೋಟೀನೂ ತುಂಬಬಲ್ಲದು ಎಂಬುದು ಇನ್ನೊಂದು.

ಆ ಕಾಲಕ್ಕೆ ಜಗತ್ತಿಗೆ ಹೆಚ್ಚು ಆಕರ್ಷಕವಾಗಿ ಕಂಡದ್ದು ಕಾರ್ಖಾನೆಯ ಪುಡಿ. 1950ರ ದಶಕದ ಕೊನೆಯಲ್ಲಿ ಜಪಾನಿನ ವಿಜ್ಞಾನಿಗಳು ಮಣ್ಣಿನ ಒಂದು ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಉಣಿಸಿ ಅದರಿಂದ ಲೈಸಿನ್ ತೆಗೆಯುವ ದಾರಿ ಕಂಡುಕೊಂಡಿದ್ದರು. ಬೆಲೆ ಇಳಿಯಿತು. ಗೋಧಿಗೆ, ಮೆಕ್ಕೆಜೋಳಕ್ಕೆ ಲೈಸಿನ್ ಬೆರೆಸಿಬಿಟ್ಟರೆ ಬಡದೇಶಗಳ ಪ್ರೋಟೀನಿನ ಸಮಸ್ಯೆ ಬಗೆಹರಿಯಿತು ಎಂಬ ಉತ್ಸಾಹ ಹಬ್ಬಿತು. ಭಾರತದಲ್ಲೂ ಸರ್ಕಾರಿ ಸ್ವಾಮ್ಯದ ಮಾಡರ್ನ್ ಬ್ರೆಡ್ಡಿಗೆ ವಿಟಮಿನ್ನುಗಳ ಜೊತೆ ಲೈಸಿನ್ ಸೇರಿತು. ಬ್ರೆಡ್ಡು ತಿನ್ನುತ್ತಿದ್ದವರು ಪಟ್ಟಣದವರು; ಚಿಕ್ಕನಾಯಕನಹಳ್ಳಿಯ ಕೂಲಿಯವನ ಮನೆಗೆ ಅದು ಬರುವುದು ಜ್ವರ ಬಂದಾಗ ಮಾತ್ರ. ಪುಡಿ ಸರಿಯಾಗಿತ್ತು, ಅದು ಹೋದ ವಿಳಾಸ ತಪ್ಪಾಗಿತ್ತು.

ಈ ಉತ್ಸಾಹಕ್ಕೆ ಬೇಗನೆ ತಣ್ಣೀರು ಬಿತ್ತು. ಬಡಮಕ್ಕಳಿಗೆ ಕೊರತೆಯಿರುವುದು ಪ್ರೋಟೀನಿನದಲ್ಲ, ಒಟ್ಟು ಊಟದ್ದೇ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್, ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಮೊದಲಾದವರು ವಾದಿಸಿದರು. ಹೊಟ್ಟೆಗೆ ಸಾಲದಿದ್ದಾಗ ದೇಹ ಪ್ರೋಟೀನನ್ನೂ ಸೌದೆಯಂತೆ ಉರಿಸುತ್ತದೆ. ಆಗ ಎಷ್ಟು ಲೈಸಿನ್ ಸುರಿದರೂ ವ್ಯರ್ಥ. ಮೊದಲು ಹೊಟ್ಟೆ ತುಂಬಲಿ, ಧಾನ್ಯ ಮತ್ತು ಕಾಳಿನ ರೂಢಿಯ ಊಟವೇ ಸಾಕಷ್ಟು ಸಿಕ್ಕರೆ ಪ್ರೋಟೀನೂ ತಾನಾಗಿ ಸಿಗುತ್ತದೆ ಎಂಬುದು ಅವರ ನಿಲುವು. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಡೀ ಪ್ರೋಟೀನ್ ಚಳವಳಿಯನ್ನೇ ದೊಡ್ಡ ಎಡವಟ್ಟೆಂದು ಜರೆದ. ಚರ್ಚೆ ಅಲ್ಲಿಗೆ ಮುಗಿದಂತೆ ಕಂಡಿತು.

ಆದರೆ ಮುಗಿಯದೆ ಉಳಿದ ಒಂದು ಸಂಖ್ಯೆ ಇತ್ತು. ಬೆಳೆದ ಮನುಷ್ಯನಿಗೆ ದಿನಕ್ಕೆ ಎಷ್ಟು ಲೈಸಿನ್ ಬೇಕು? 1985ರ ವಿಶ್ವಸಂಸ್ಥೆಯ ತಜ್ಞರ ವರದಿಯ ಪ್ರಕಾರ ದೇಹದ ಪ್ರತಿ ಕಿಲೋ ತೂಕಕ್ಕೆ 12 ಮಿಲಿಗ್ರಾಂ. ಇಂಥ ಅಂಕಿಗಳ ಬೇರು ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ ನಡೆಸಿದ ಪ್ರಯೋಗಗಳಲ್ಲಿತ್ತು. ಥ್ರಿಯೊನಿನ್ ಎಂಬ ಅಮೈನೊ ಆಮ್ಲವನ್ನು 1935ರಲ್ಲಿ ಗುರುತಿಸಿ ಅವಶ್ಯಕಗಳ ಪಟ್ಟಿಯನ್ನು ಪೂರ್ತಿಗೊಳಿಸಿದ ಮಹಾನುಭಾವ ಅವರು. ಅಮೆರಿಕದ ತರುಣ ವಿದ್ಯಾರ್ಥಿಗಳಿಗೆ ಪಿಷ್ಟ, ಸಕ್ಕರೆ, ಬೆಣ್ಣೆಕೊಬ್ಬು, ಶುದ್ಧ ಅಮೈನೊ ಆಮ್ಲಗಳ ಕೃತಕ ಊಟ ಕೊಟ್ಟು, ಸಾರಜನಕದ ಜಮಾಖರ್ಚು ಸರಿದೂಗುವ ಬಿಂದುವನ್ನು ಅವರು ಹುಡುಕಿದ್ದರು.

ಈ ಸಂಖ್ಯೆ ನಮ್ಮ ಮುದ್ದೆಗೆ ಏನು ಹೇಳುತ್ತದೆ ಎಂದು ಲೆಕ್ಕ ಹಾಕೋಣ. ಅರುವತ್ತು ಕಿಲೋ ತೂಗುವ ಬೇಸಾಯಗಾರನಿಗೆ 12ರಂತೆ 720 ಮಿಲಿಗ್ರಾಂ ಲೈಸಿನ್ ಬೇಕು. ರಾಗಿಯಲ್ಲಿ ಪ್ರೋಟೀನು ಶೇಕಡ 7ರಷ್ಟು. ಆ ಪ್ರೋಟೀನಿನ 100 ಗ್ರಾಮಿನಲ್ಲಿ ಲೈಸಿನ್ 2.8 ಗ್ರಾಮಿನಷ್ಟು. ದಿನಕ್ಕೆ ಅರ್ಧ ಕಿಲೋ ರಾಗಿ ಹಿಟ್ಟಿನ ಮುದ್ದೆ ಉಂಡರೆ ಸುಮಾರು 1,000 ಮಿಲಿಗ್ರಾಂ ಲೈಸಿನ್ ಬಂದೇ ಬಂತು. ಅಂದರೆ 1985ರ ಲೆಕ್ಕದಲ್ಲಿ ಮುದ್ದೆಯನ್ನು ಉಪ್ಪುನೀರಿಗೆ ಅದ್ದಿಕೊಂಡು ನುಂಗಿದರೂ ಸಾಕು. ಅವರೆ ಬೇಡ, ತೊಗರಿ ಬೇಡ, ಅಕ್ಕಡಿ ಸಾಲು ಬರೀ ರುಚಿಯ ಬಾಬತ್ತು.

ಈ ಲೆಕ್ಕವನ್ನು ತಿರುವಿಹಾಕಿದ ಕೆಲಸ ನಡೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಅನುರಾ ಕುರ್ಪಾಡ್ ಮತ್ತು ಅವರ ಸಂಗಡಿಗರು, ಅಮೆರಿಕದ ಎಂಐಟಿಯ ವರ್ನನ್ ಯಂಗ್ ಅವರ ಜೊತೆ ಸೇರಿ, ಭಾರತೀಯರ ದೇಹಕ್ಕೆ ಎಷ್ಟು ಲೈಸಿನ್ ಬೇಕೆಂಬುದನ್ನು ಹೊಸ ವಿಧಾನದಲ್ಲಿ ಅಳೆದರು. ವಿಧಾನದ ತಿರುಳು ಮುದ್ರಣಾಲಯದ ಉದಾಹರಣೆಯಲ್ಲೇ ಇದೆ. ಲೈಸಿನ್ ಎಂಬ ಮೊಳೆ ಕಡಿಮೆಯಾದರೆ ಲ್ಯೂಸಿನ್ ಎಂಬ ಇನ್ನೊಂದು ಮೊಳೆ ಬಳಕೆಯಾಗದೆ ಸುಟ್ಟುಹೋಗುತ್ತದೆ, ಸುಟ್ಟ ಹೊಗೆ ಉಸಿರಿನ ಇಂಗಾಲದ ಡೈಆಕ್ಸೈಡಾಗಿ ಹೊರಬರುತ್ತದೆ. ಆದ್ದರಿಂದ ಲ್ಯೂಸಿನ್‌ಗೆ ತೂಕದ ಗುರುತು ಹಾಕಿದ ಇಂಗಾಲವನ್ನು ಸೇರಿಸಿ ಕೊಟ್ಟು, ಇಪ್ಪತ್ತನಾಲ್ಕು ಗಂಟೆ ಉಸಿರನ್ನು ಪರೀಕ್ಷಿಸಿದರು. ಊಟದ ಲೈಸಿನ್ ಹೆಚ್ಚಿಸುತ್ತ ಹೋದಂತೆ ಒಂದು ಹಂತದಲ್ಲಿ ಈ ಸುಡುವಿಕೆ ತಗ್ಗಿ ಸ್ಥಿರವಾಗುತ್ತದೆ. ಅದೇ ದೇಹದ ನಿಜವಾದ ಅಗತ್ಯ.

2001ರಲ್ಲಿ ಪ್ರಕಟವಾದ ಉತ್ತರ: ಆರೋಗ್ಯವಂತ ಭಾರತೀಯ ವಯಸ್ಕನಿಗೆ ಕಿಲೋ ತೂಕಕ್ಕೆ ಸುಮಾರು 30 ಮಿಲಿಗ್ರಾಂ. ಹಳೆಯ ಅಂಕಿಯ ಎರಡೂವರೆ ಪಟ್ಟು. 2003ರಲ್ಲಿ ಅದೇ ತಂಡ ಬಹುಕಾಲ ಅರೆಹೊಟ್ಟೆಯಲ್ಲಿದ್ದ ಗಂಡಸರನ್ನು ಪರೀಕ್ಷಿಸಿದಾಗ ಅಗತ್ಯ ಇನ್ನೂ ಮೇಲೇರಿ 44ರ ಹತ್ತಿರ ಬಂತು. ಅವರ ಕರುಳಿನಲ್ಲಿದ್ದ ಪರಾವಲಂಬಿ ಹುಳುಗಳನ್ನು ಔಷಧಿಯಿಂದ ನಿವಾರಿಸಿದ ಮೇಲೆ ಆ ಅಂಕಿ ಇಳಿಯಿತು. ಅಂದರೆ ಬಡವನ ತಟ್ಟೆಯಲ್ಲಿ ಲೈಸಿನ್ ಕಡಿಮೆ, ಅವನ ದೇಹ ಕೇಳುವುದು ಹೆಚ್ಚು. ನಡುವಿನ ಪಾಲನ್ನು ಕೆಟ್ಟ ನೀರು, ಕೊಳಕು ನೆಲ, ಕರುಳಿನ ಹುಳು ಕಸಿದುಕೊಳ್ಳುತ್ತವೆ. ಪೋಷಣೆಯೆಂಬುದು ಬರೀ ಅಡುಗೆಮನೆಯ ಸಂಗತಿಯಲ್ಲ, ಕುಡಿಯುವ ನೀರಿನ ಮತ್ತು ಕಕ್ಕಸಿನ ಸಂಗತಿಯೂ ಹೌದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. 2007ರಲ್ಲಿ ಹೊರಬಂದ ವಿಶ್ವ ಆರೋಗ್ಯ ಸಂಸ್ಥೆಯ ವರದಿ ವಯಸ್ಕರ ಲೈಸಿನ್ ಅಗತ್ಯವನ್ನು 30 ಎಂದು ಒಪ್ಪಿಕೊಂಡಿತು. ಜಗತ್ತಿನ ಲೆಕ್ಕದ ಪುಸ್ತಕ ತಿದ್ದುಪಡಿಯಾಯಿತು.

ಈಗ ಅದೇ ಬೇಸಾಯಗಾರನ ಲೆಕ್ಕವನ್ನು ಮತ್ತೆ ಹಾಕಿ ನೋಡಿ. ಬೇಕಾದದ್ದು 1,800 ಮಿಲಿಗ್ರಾಂ. ಅರ್ಧ ಕಿಲೋ ರಾಗಿ ಕೊಡುವುದು 1,000. ಕೊರತೆ 800. ದಿನಕ್ಕೆ 75 ಗ್ರಾಂ ಅವರೆ, ತೊಗರಿ ಅಥವಾ ಹುರುಳಿ ಸಾರಿನಲ್ಲೋ ಪಲ್ಯದಲ್ಲೋ ಸೇರಿದರೆ ಏನಾಗುತ್ತದೆ? ಕಾಳುಗಳಲ್ಲಿ ಪ್ರೋಟೀನು ಶೇಕಡ 20ರಿಂದ 22. ಆ ಪ್ರೋಟೀನಿನಲ್ಲಿ ಲೈಸಿನ್ ರಾಗಿಯದ್ದರ ಎರಡು ಪಟ್ಟಿಗೂ ಹೆಚ್ಚು. ಎರಡು ಹಿಡಿ ಕಾಳು ಸುಮಾರು 1,000 ಮಿಲಿಗ್ರಾಂ ತಂದುಕೊಡುತ್ತದೆ. ಜೀರ್ಣವಾಗದೆ ಹೋಗುವ ಪಾಲನ್ನು ಕಳೆದರೂ ಲೆಕ್ಕ ಹೆಚ್ಚುಕಡಿಮೆ ಸರಿದೂಗುತ್ತದೆ. ಋಣ ಒಂದೇ ಕಡೆಯದಲ್ಲ. ಕಾಳುಗಳಿಗೆ ಕಡಿಮೆಯಾದ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ರಾಗಿಯಲ್ಲಿ ಧಾರಾಳವಾಗಿದೆ. ಮುದ್ದೆ ಸಾರಿಗೆ ಕೊಡುತ್ತದೆ, ಸಾರು ಮುದ್ದೆಗೆ ಕೊಡುತ್ತದೆ. ಬಸ್ಸಾರು, ಉಪ್ಪೆಸರು, ಹುರುಳಿಕಾಳಿನ ಸಾರು, ಇದುಕಿದ ಬೇಳೆ ಎಲ್ಲವೂ ಈ ಕೊಡುಕೊಳ್ಳುವಿಕೆಯ ಬೇರೆ ಬೇರೆ ಹೆಸರುಗಳು. 1877ರ ಶಿಬಿರಕ್ಕೂ ಇದೇ ಅಳತೆ ಹಿಡಿಯಬಹುದು. ಟೆಂಪಲ್ ಕೊಟ್ಟ ಒಂದು ಪೌಂಡನ್ನು ರಾಗಿಯೆಂದೇ ಇಟ್ಟುಕೊಂಡರೂ ಅದರಲ್ಲಿದ್ದ ಲೈಸಿನ್ ಸುಮಾರು 900 ಮಿಲಿಗ್ರಾಂ, ಶಕ್ತಿ 1,500 ಕಿಲೊಕ್ಯಾಲರಿಯ ಆಸುಪಾಸು. ಐವತ್ತು ಕಿಲೋ ತೂಕದ ಮನುಷ್ಯನಿಗೆ ಬೇಕಾದ 1,500 ಮಿಲಿಗ್ರಾಂ ಲೈಸಿನ್ ಕಾರ್ನಿಶ್ ಹೇಳಿದ ಒಂದೂವರೆ ಪೌಂಡಿನಲ್ಲೂ ಪೂರ್ತಿಯಾಗಿ ಇರಲಿಲ್ಲ. ಧಾನ್ಯದ ಮೇಲೆ ಇನ್ನೂ ಏನೋ ಬೇಕು ಎಂಬ ಅವರ ಹಟದಲ್ಲಿ ತೂಕವಿತ್ತು.

ತೆಂಗಿಗೆ ಈ ಕಥೆಯಲ್ಲಿ ಪಾತ್ರವಿಲ್ಲವೇ? ನೇರವಾಗಿ ಚಿಕ್ಕದು. ಹಸಿ ತೆಂಗಿನಕಾಯಿಯ 100 ಗ್ರಾಮಿನಲ್ಲಿ ಪ್ರೋಟೀನು ಮೂರು ಗ್ರಾಂ ಮೇಲೆ ಸ್ವಲ್ಪ, ಲೈಸಿನ್ 150 ಮಿಲಿಗ್ರಾಮಿನಷ್ಟು. ಸಾರಿಗೆ ರುಬ್ಬಿ ಹಾಕುವ ಕಾಯಿಯಿಂದ ಬರುವುದು ರುಚಿ, ಕೊಬ್ಬು, ಒಂದಿಷ್ಟು ಶಕ್ತಿ. ಆದರೆ ಸುತ್ತುದಾರಿಯೊಂದಿದೆ. ಕೊಬ್ಬರಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಹಸುವಿನ ಬಾನಿಗೆ ಹೋಗುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹಿಂಡಿಯ, ಒಣಹುಲ್ಲಿನ ಸಾರಜನಕವನ್ನು ಹಿಡಿದು ಲೈಸಿನ್ ಸಹಿತ ಎಲ್ಲ ಅಮೈನೊ ಆಮ್ಲಗಳನ್ನೂ ತಾವೇ ಕಟ್ಟುತ್ತವೆ. ಮನುಷ್ಯನಿಗೆ ಬಾರದ ಈ ವಿದ್ಯೆ ಹಸುವಿನ ಹೊಟ್ಟೆಯ ಜೀವಿಗಳಿಗಿದೆ. ಡ್ರೆಕ್ಸೆಲ್ ಲೈಸಿನ್ ಕಂಡದ್ದು ಹಾಲಿನ ಪ್ರೋಟೀನಿನಲ್ಲಿ ಎಂಬುದನ್ನು ನೆನೆದರೆ, ರಾಗಿ ಮುದ್ದೆಯ ಜೊತೆ ಮಜ್ಜಿಗೆ ಕುಡಿಯುವವರೂ ಅದೇ ಕೊರತೆಯನ್ನು ಇನ್ನೊಂದು ಬಾಗಿಲಿನಿಂದ ತುಂಬಿಕೊಳ್ಳುತ್ತಿದ್ದರು ಎಂಬುದು ತಿಳಿಯುತ್ತದೆ. ಮನೆಯಲ್ಲಿ ಕರೆವು ಇದ್ದವರು ಎನ್ನಬೇಕು. ಇಲ್ಲದವರಿಗೆ ಕಾಳೇ ಗತಿ.

ಕಳೆದ ಕೆಲವು ದಶಕಗಳಲ್ಲಿ ಈ ಸೀಮೆಯ ಹೊಲ ಬದಲಾಗಿದೆ. ಕೊಳವೆಬಾವಿ ಬಂದ ಕಡೆ ರಾಗಿ ಹೊಲ ತೆಂಗಿನ ತೋಟವಾಯಿತು. ಉಳಿದ ರಾಗಿ ಹೊಲಕ್ಕೆ ಕಟಾವು ಯಂತ್ರ ಬಂತು. ಯಂತ್ರಕ್ಕೆ ನಡುವೆ ನಿಂತ ಅವರೆ, ತೊಗರಿ ಸಾಲುಗಳು ಅಡ್ಡಿ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಬೇಕಾದದ್ದು ಶುದ್ಧ ರಾಗಿ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಹಸಿವಿನ ಅಂಚನ್ನು ಹಿಂದಕ್ಕೆ ತಳ್ಳಿತು. ಗೋಪಾಲನ್, ಸುಖಾತ್ಮೆಯವರ ಮೊದಲ ಶರತ್ತು, ಹೊಟ್ಟೆ ತುಂಬಬೇಕೆಂಬುದು, ದೊಡ್ಡ ಮಟ್ಟಿಗೆ ಈಡೇರಿದ್ದು ಸಣ್ಣ ಸಂಗತಿಯಲ್ಲ. ಆದರೆ ಅವರ ಮಾತಿನಲ್ಲಿ ಧಾನ್ಯದ ಪಕ್ಕದಲ್ಲೇ ಕಾಳೂ ಇತ್ತು. ಚೀಲದಲ್ಲಿ ಬರುವ ಅಕ್ಕಿಗೆ ಅಕ್ಕಡಿ ಸಾಲಿಲ್ಲ. ಬೇಳೆಯನ್ನು ಅಂಗಡಿಯಿಂದ ತರಬೇಕು, ತೊಗರಿಯ ಬೆಲೆ ಏರಿದ ವಾರ ಸಾರು ತೆಳುವಾಗುತ್ತದೆ.

ತೆಳು ಸಾರಿನ ಬೆಲೆಯನ್ನು ಶಾಲೆಯ ಬಿಸಿಯೂಟದಲ್ಲಿ ಅಳೆಯಬಹುದು. ಕೆಳಗಿನ ತರಗತಿಯ ಮಗುವಿಗೆ ನಿಗದಿಯಾದದ್ದು 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ. ತೂಕದಲ್ಲಿ ಬೇಳೆ ಐದನೇ ಒಂದು ಪಾಲು. ಲೈಸಿನ್‌ನಲ್ಲಿ ಮಾತ್ರ ಇಬ್ಬರೂ ಸಮಸಮ: 100 ಗ್ರಾಂ ಅಕ್ಕಿ ಸುಮಾರು 290 ಮಿಲಿಗ್ರಾಂ ಕೊಟ್ಟರೆ 20 ಗ್ರಾಂ ತೊಗರಿಬೇಳೆ ಹತ್ತಿರಹತ್ತಿರ ಅಷ್ಟನ್ನೇ ಕೊಡುತ್ತದೆ. ಇಪ್ಪತ್ತು ಕಿಲೋ ತೂಗುವ ಮಗುವಿಗೆ ದಿನಕ್ಕೆ ಬೇಕಾದದ್ದು 700 ಮಿಲಿಗ್ರಾಂ. ಸೌಟಿನಲ್ಲಿ ಬೇಳೆ ಇದ್ದರೆ ಒಂದೇ ಊಟದಲ್ಲಿ ಹೆಚ್ಚಿನ ಪಾಲು ಬಂತು. ಬರೀ ನೀರಿದ್ದರೆ ಅರ್ಧ ಹೋಯಿತು. ಅನ್ನದ ರಾಶಿ ಅಷ್ಟೇ ಇರುತ್ತದೆ, ಮಗು ಹೊಟ್ಟೆ ತುಂಬ ಉಂಡು ಏಳುತ್ತದೆ, ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ಆಸ್ಬರ್ನ್ ಮತ್ತು ಮೆಂಡೆಲ್ ಕಂಡದ್ದೂ ಇಂಥ ಕಾಣದ ಕೊರತೆಯನ್ನೇ.

ಇನ್ನೊಂದು ಕಡೆ ರಾಗಿಗೆ ಎಂದೂ ಇಲ್ಲದ ಗೌರವ ಬಂದಿದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ರಾಗಿ ಬಿಸ್ಕತ್ತು, ರಾಗಿ ಕುಕ್ಕೀಸು, ರಾಗಿ ಮಿಕ್ಸು ಪಟ್ಟಣದ ಅಂಗಡಿಗಳಲ್ಲಿ ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುತ್ತಿವೆ. ರಾಗಿ ಇದಕ್ಕೆ ಅರ್ಹವೇ. ಆದರೆ ಹಿಟ್ಟನ್ನು ಸಕ್ಕರೆಯೊಂದಿಗೆ ಒಣ ಶಾಖದಲ್ಲಿ ಬೇಯಿಸಿದಾಗ ಬರುವ ಕಂದುಬಣ್ಣದ ಹಿಂದೆ ಒಂದು ನಷ್ಟವಿದೆ: ಆ ಕ್ರಿಯೆಯಲ್ಲಿ ಸಕ್ಕರೆ ಮೊದಲು ಕಟ್ಟಿಹಾಕುವುದು ಲೈಸಿನ್ನನ್ನೇ. ನೀರಿನಲ್ಲಿ ಕುದಿದು ಬೆಂದ ಮುದ್ದೆಯಲ್ಲಿ ಈ ನಷ್ಟ ಕಡಿಮೆ. ಸಾರಿನಿಂದ ಬೇರ್ಪಟ್ಟು ಬಿಸ್ಕತ್ತಾದ ರಾಗಿ ತನ್ನ ಜೊತೆಗಾರನನ್ನೂ ಕಳೆದುಕೊಂಡಿತು, ತನ್ನಲ್ಲಿದ್ದ ಸ್ವಲ್ಪವನ್ನೂ ಕಳೆದುಕೊಂಡಿತು. ಒಂದೇ ಧಾನ್ಯವನ್ನು ಸಿಂಹಾಸನದ ಮೇಲೆ ಕೂರಿಸುವ ಜಾಹೀರಾತು ಹೊಸದು. ರಾಗಿಯ ಜೊತೆಗೆ ಏನು ಎಂದು ಕೇಳುವ ಅಡುಗೆಮನೆ ಹಳೆಯದು.

ಜಗತ್ತಿನಲ್ಲಿ ಇಂದು ವರ್ಷಕ್ಕೆ ಇಪ್ಪತ್ತು ಲಕ್ಷ ಟನ್ನಿಗೂ ಹೆಚ್ಚು ಲೈಸಿನ್ ತಯಾರಾಗುತ್ತದೆ. ಅದರಲ್ಲಿ ಬಹುಪಾಲು ಹೋಗುವುದು ಹಂದಿ, ಕೋಳಿಗಳ ಆಹಾರಕ್ಕೆ. ಫಾರಂ ಕೋಳಿಗೆ ದಿನಕ್ಕೆ ಎಷ್ಟು ಲೈಸಿನ್ ಬೇಕೆಂಬುದನ್ನು ಅದರ ವಯಸ್ಸಿನ ವಾರಕ್ಕೆ ತಕ್ಕಂತೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬೆರೆಸುತ್ತಾರೆ, ಏಕೆಂದರೆ ಕೋಳಿ ಬೆಳೆಯದಿದ್ದರೆ ನಷ್ಟ ಯಾರದೆಂಬುದು ಸ್ಪಷ್ಟ. ಮಗುವಿನ ತಟ್ಟೆಗೆ ಆ ನಿಖರತೆ ಇನ್ನೂ ಬಂದಿಲ್ಲ. ಕಾರಣ ಜ್ಞಾನದ ಕೊರತೆಯಲ್ಲ. ಬೇಕಾದ ಸಂಖ್ಯೆಗಳನ್ನು ಮೈಸೂರು, ಬೆಂಗಳೂರುಗಳ ವಿಜ್ಞಾನಿಗಳೇ ನಮ್ಮ ಜನರನ್ನು ಪರೀಕ್ಷಿಸಿ ಕೊಟ್ಟಿದ್ದಾರೆ. ಅಕ್ಕಿಯ ಚೀಲದ ಜೊತೆ ಬೇಳೆಯೂ ಬರಬೇಕು, ರಾಗಿಗೆ ಕೊಡುವ ಬೆಂಬಲ ಅದರ ಪಕ್ಕದ ಅವರೆಗೂ ಸಿಗಬೇಕು, ಶಾಲೆಯ ಸೌಟಿನಲ್ಲಿ 20 ಗ್ರಾಂ ಎಂದರೆ 20 ಗ್ರಾಮೇ ಇರಬೇಕು. ಅಕ್ಕಡಿ ಬಿತ್ತಿದವರಿಗೆ ಲೈಸಿನ್ ಎಂಬ ಹೆಸರು ಗೊತ್ತಿರಲಿಲ್ಲ, ಆದರೂ ಸಾಲು ತಪ್ಪಿಸಲಿಲ್ಲ. ಹೆಸರು, ತೂಕ, ಲೆಕ್ಕ ಎಲ್ಲವೂ ಗೊತ್ತಿರುವ ಕಾಲದಲ್ಲಿ ಆ ಸಾಲು ಕಾಣೆಯಾದರೆ ಅದಕ್ಕೆ ಬರವನ್ನು ದೂರುವಂತಿಲ್ಲ.